ಲೇಬಲ್ ಕೆರೆದ ರೆಕಾರ್ಡು

ಐವತ್ತರ ದಶಕದಲ್ಲಿ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಅಮೆರಿಕದಿಂದ ಒಂದು ಒಳ್ಳೆಯ ರೆಕಾರ್ಡು ಬಂದರೆ ಅದರ ಲೇಬಲ್ಲನ್ನು ಕೆರೆದು ಹಾಕುತ್ತಿದ್ದರು. ಹಾಡು ಯಾರದು, ಯಾವ ಕಂಪನಿಯದು ಎಂದು ಎದುರಾಳಿಗೆ ತಿಳಿಯಬಾರದು! ಆಳೆತ್ತರದ ಸ್ಪೀಕರುಗಳನ್ನು ಬಯಲಿನಲ್ಲಿ ನಿಲ್ಲಿಸಿ ಜನರನ್ನು ಕುಣಿಸುವ ‘ಸೌಂಡ್ ಸಿಸ್ಟಮ್’ ಮಾಲೀಕರ ಪೈಪೋಟಿ ಅಷ್ಟು ಬಿರುಸಾಗಿತ್ತು. ಸ್ಯಾಕ್ಸೊಫೋನ್ ವಾದಕ ವಿಲ್ಲಿಸ್ ಜಾಕ್ಸನ್‌ನ ರೆಕಾರ್ಡೊಂದಕ್ಕೆ ಅಂಥ ಮಾಲೀಕರಲ್ಲೊಬ್ಬನಾದ ಕಾಕ್ಸನ್ ಡಾಡ್ ‘ಕಾಕ್ಸನ್ ಹಾಪ್’ ಎಂದು ಮರುನಾಮಕರಣ ಮಾಡಿ ಅದನ್ನು ತನ್ನ ಗುರುತಿನ ಹಾಡಾಗಿ ಮೆರೆಸಿದ. ಮೂಲವನ್ನು ಪತ್ತೆ ಹಚ್ಚಿದ ಎದುರಾಳಿ ಡ್ಯೂಕ್ ರೀಡ್ ಅದನ್ನೇ ತನ್ನ ಬಯಲಿನಲ್ಲಿ ಹಾಕಿ ಸೇಡು ತೀರಿಸಿಕೊಂಡ. ಪಾಶ್ಚಾತ್ಯ ಮಾಧ್ಯಮಗಳು ಕೆರಿಬಿಯನ್ ಸಂಸ್ಕೃತಿಯನ್ನು ನುಂಗಿ ನೀರು ಕುಡಿದವು ಎಂಬ ಮಾತು ಕೇಳಿದಾಗಲೆಲ್ಲ ಈ ಕೆರೆದ ಲೇಬಲ್ ನೆನಪಾಗಬೇಕು. ಹೊರಗಿನಿಂದ ಏನು ಬಂತು ಎನ್ನುವುದಕ್ಕಿಂತ, ಬಂದದ್ದಕ್ಕೆ ತೀರ್ಪು ಕೊಡುವ ಕಿವಿ ಯಾರದು ಎನ್ನುವುದೇ ಮುಖ್ಯ.

ಜಮೈಕಾದ ರೇಡಿಯೋಗಳು ಆಗ ಮಯಾಮಿ, ನ್ಯೂ ಆರ್ಲಿಯನ್ಸ್ ಕಡೆಯ ಸ್ಟೇಷನ್ನುಗಳನ್ನು ಹಿಡಿಯುತ್ತಿದ್ದವು. ಅಮೆರಿಕದ ಗಾಯಕ ಫ್ಯಾಟ್ಸ್ ಡಾಮಿನೊ ಜಮೈಕಾದಲ್ಲಿ ಮನೆಮಾತು. ದಶಕದ ಕೊನೆಗೆ ಅಮೆರಿಕದ ಅಭಿರುಚಿ ರಾಕ್ ಅಂಡ್ ರೋಲ್ ಕಡೆ ವಾಲಿತು. ಕಿಂಗ್‌ಸ್ಟನ್ನಿನ ಬಯಲಿಗೆ ಅದು ರುಚಿಸಲಿಲ್ಲ. ಬೇಕಾದ ಸರಕು ಬರದಿದ್ದಾಗ ಡಾಡ್, ರೀಡ್ ಇಬ್ಬರೂ ಊರಿನ ವಾದಕರನ್ನೇ ಕೂಡಿಸಿ ಧ್ವನಿಮುದ್ರಣಕ್ಕೆ ಇಳಿದರು. ಅಮೆರಿಕನ್ ಹಾಡುಗಳಲ್ಲಿ ಬರಿಯ ಸುಳಿವಾಗಿದ್ದ ಲಯ, ಅಂದರೆ ಎರಡು ಬಡಿತಗಳ ನಡುವಿನ ತೆರಪಿನಲ್ಲಿ ಬೀಳುವ ಒತ್ತು, ಇವರ ಕೈಯಲ್ಲಿ ಸಂಗೀತದ ಬೆನ್ನೆಲುಬೇ ಆಯಿತು. 1962ರ ಆಗಸ್ಟ್ 6ರಂದು ದೇಶ ಸ್ವತಂತ್ರವಾಗುವಾಗ ‘ಸ್ಕಾ’ ಎಂಬ ಈ ಹೊಸ ಸಂಗೀತ ಸಿದ್ಧವಾಗಿತ್ತು. ಅಮೆರಿಕನ್ ರೇಡಿಯೋ ನಿರೂಪಕರ ಚುರುಕು ಮಾತಿನ ಅನುಕರಣೆಯೂ ಇದೇ ದಾರಿ ಹಿಡಿದು, ರೆಕಾರ್ಡಿನ ಮೇಲೆ ಲಯಬದ್ಧವಾಗಿ ಮಾತಾಡುವ ಕಲೆಯಾಗಿ ಬೆಳೆಯಿತು. ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿದ ಡಿಜೆ ಕೂಲ್ ಹರ್ಕ್ 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಸೌಂಡ್ ಸಿಸ್ಟಮ್ ಹೂಡಿದಾಗ, ಪಡೆದ ಸಾಲಕ್ಕೆ ಬಡ್ಡಿ ಸೇರಿಸಿ ಹಿಂತಿರುಗಿಸಿದಂತಾಯಿತು. ಹಿಪ್‌ಹಾಪ್ ಮೊಳೆತದ್ದು ಅಲ್ಲಿ.

ಇದು ಗೆದ್ದವರ ಕಥೆಯಷ್ಟೇ, ಸೋತ ‘ಮೆಂಟೊ’ದ ಗತಿಯೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಜಮೈಕಾದ ಆ ಹಳ್ಳಿ ಸಂಗೀತವನ್ನು ನಗರದ ಕುಣಿತದ ಬಯಲಿನಿಂದ ಬದಿಗೆ ಸರಿಸಿದ್ದು ಅಮೆರಿಕನ್ ರೆಕಾರ್ಡುಗಳೇ, ಅನುಮಾನವಿಲ್ಲ. ಆದರೆ ಮೆಂಟೊ ಹೋಗಿ ಆಶ್ರಯ ಪಡೆದ ಜಾಗಗಳಲ್ಲಿ ಒಂದನ್ನು ನೋಡಿ: ಉತ್ತರ ಕರಾವಳಿಯ ಪ್ರವಾಸಿ ಹೋಟೆಲುಗಳು. ಅಲ್ಲಿ ಕೇಳುಗ ಬದಲಾದ. ಹುಲ್ಲಿನ ಟೋಪಿ, ನಗುಮುಖ, ನಿನ್ನೆ ನುಡಿಸಿದ್ದೇ ಇಂದೂ. ಹಾಡು ಉಳಿಯಿತು, ಊರಿನೊಡನೆ ಅದು ಆಡುತ್ತಿದ್ದ ಜಗಳ ನಿಂತುಹೋಯಿತು. ಅಪ್ಪಟ ದೇಶಿ ಸರಕೂ ಪರರ ಕಿವಿಗಾಗಿ ಮಾತ್ರ ನುಡಿದರೆ ಹೆಪ್ಪುಗಟ್ಟುತ್ತದೆ. ಆಮದು ಸರಕೂ ಊರ ಕಿವಿಗೆ ಉತ್ತರ ಹೇಳಬೇಕಾಗಿ ಬಂದರೆ ಜೀವ ತಳೆಯುತ್ತದೆ.

ಈ ವ್ಯತ್ಯಾಸವನ್ನು ಕಿವಿಯಾರೆ ಪರೀಕ್ಷಿಸಲು ಬಾಬ್ ಮಾರ್ಲಿ ಮತ್ತು ವೇಲರ್ಸ್ ತಂಡದ ‘ಕ್ಯಾಚ್ ಎ ಫೈರ್’ ಆಲ್ಬಮ್ ಸಾಕು. ಕಿಂಗ್‌ಸ್ಟನ್ನಿನಲ್ಲಿ ಮುದ್ರಿಸಿದ ಹಾಡುಗಳಿಗೆ ಐಲೆಂಡ್ ಕಂಪನಿಯ ಕ್ರಿಸ್ ಬ್ಲ್ಯಾಕ್‌ವೆಲ್ ಲಂಡನ್ನಿನಲ್ಲಿ ವೇಯ್ನ್ ಪರ್ಕಿನ್ಸ್‌ನ ರಾಕ್ ಗಿಟಾರನ್ನೂ ಹೆಚ್ಚುವರಿ ಕೀಬೋರ್ಡನ್ನೂ ಸೇರಿಸಿ 1973ರಲ್ಲಿ ಬಿಡುಗಡೆ ಮಾಡಿದ. ಮೂಲ ರೂಪ 2001ರಲ್ಲಿ ಹೊರಬಂತು. ಎರಡನ್ನೂ ಒಂದರ ಬೆನ್ನಿಗೊಂದು ಕೇಳಿದರೆ, ಮೊದಲನೆಯದು ಕೈಹಿಡಿದು ಒಳಗೆ ಕರೆಯುತ್ತದೆ, ಎರಡನೆಯದು ಬಾಗಿಲು ತೆರೆದಿಟ್ಟು ತನ್ನ ಪಾಡಿಗೆ ತಾನಿರುತ್ತದೆ. ಆ ಗಿಟಾರ್ ಇಲ್ಲದಿದ್ದರೆ ಜಗತ್ತು ಮಾರ್ಲಿಯನ್ನು ಕೇಳುತ್ತಿತ್ತೇ ಎಂಬ ಆಕ್ಷೇಪ ಸುಳ್ಳಲ್ಲ. ಮಾರ್ಲಿಯೇ ಆ ಕೆಲಸದಲ್ಲಿ ಜೊತೆಗಿದ್ದ. ಆದರೂ ಅದೇ ವರ್ಷಗಳಲ್ಲಿ, ರೇಡಿಯೋ ರಿಪೇರಿ ಬಲ್ಲ ಕಿಂಗ್ ಟಬ್ಬಿ ಎಂಬಾತ ಕಿಂಗ್‌ಸ್ಟನ್ನಿನಲ್ಲಿ ಹಾಡಿನಿಂದ ಕಂಠವನ್ನೇ ತೆಗೆದು, ಬರಿಯ ಬೇಸ್, ಡ್ರಮ್ ಮತ್ತು ಮಾರ್ದನಿಯನ್ನು ಉಳಿಸುತ್ತಿದ್ದ. ಲಂಡನ್ ಕೂಡುತ್ತಿತ್ತು, ಕಿಂಗ್‌ಸ್ಟನ್ ಕಳೆಯುತ್ತಿತ್ತು. ಕೂಡಿದ್ದು ಮಾರುಕಟ್ಟೆಯನ್ನು ಗೆದ್ದಿತು. ಕಳೆದದ್ದು ‘ಡಬ್’ ಆಗಿ ಮುಂದೆ ಪಶ್ಚಿಮದ ಸ್ಟುಡಿಯೋಗಳಿಗೇ ಪಾಠ ಹೇಳಿತು.

ಈಗ ಸಂಗೀತ ಕಿವಿಯೊಳಗಿನ ಇಯರ್‌ಫೋನಿಗೆ ಬಂದಿದೆ, ಒಟ್ಟಾಗಿ ತೀರ್ಪು ಕೊಡುವ ಬಯಲೆಲ್ಲಿ ಎಂಬುದೇ ನನ್ನ ವಾದಕ್ಕೆ ಎದುರಾಗುವ ಗಟ್ಟಿ ಪ್ರಶ್ನೆ. ಹೌದು, ಅಪಾಯ ಇರುವುದು ಅಲ್ಲೇ. ಆದರೆ ಬಯಲನ್ನು ಖಾಲಿ ಮಾಡುವುದು ಹೊರಗಿನವರೇ ಆಗಬೇಕಿಲ್ಲ. ಜಮೈಕಾದ 1997ರ ಶಬ್ದ ನಿಯಂತ್ರಣ ಕಾಯ್ದೆ ರಾತ್ರಿಯ ಕುಣಿತಗಳಿಗೆ ಗಡಿಯಾರ ಕಟ್ಟಿತು. ನೆರೆಯವರ ನಿದ್ದೆಯೂ ಹಕ್ಕೇ, ಸರಿ. ಆದರೆ ಸಂಸ್ಕೃತಿಯ ಅಳಿವು ಉಳಿವಿನ ಲೆಕ್ಕ ಹಾಕುವವರು ಅಮೆರಿಕನ್ ಚಾನೆಲ್ಲುಗಳ ಪಟ್ಟಿಯ ಜೊತೆಗೆ, ಶನಿವಾರ ರಾತ್ರಿ ಎಷ್ಟು ಹೊತ್ತಿನ ತನಕ ಸ್ಪೀಕರು ಹಾಕಬಹುದು ಎಂಬುದನ್ನೂ ಬರೆದುಕೊಳ್ಳಲಿ.