ಚೇಲೆ ಸುತ್ತಿದ ಅಕ್ಷರ

ಸುಗ್ಗಿಯ ಹಬ್ಬ ಹುತ್ತರಿ ಬಂತೆಂದರೆ ಕೊಡಗಿನವರ ಮೊಬೈಲಿನ ತುಂಬ ಶುಭಾಶಯದ ಚಿತ್ರಗಳು. ನನಗೆ ಅವುಗಳಲ್ಲಿ ಬಲು ಇಷ್ಟ, ಕುಪ್ಯ ಎಂಬ ಕಪ್ಪು ನಿಲುವಂಗಿಯ ಮೇಲೆ ಸೊಂಟಕ್ಕೆ ಸುತ್ತುವ ಕೆಂಪು ರೇಷ್ಮೆ ಚೇಲೆಯ ಜರಿಯನ್ನೇ ಮೈತುಂಬ ಹೊತ್ತ ಅಕ್ಷರ. ಫೋಟೊಶಾಪ್‌ನಲ್ಲಿ ದಪ್ಪ ಫಾಂಟಿನಲ್ಲಿ, ಹುತ್ತರಿಯ ಕೊಡವ ಹೆಸರಾದ ‘ಪುತ್ತರಿ’ ಎಂದು ಟೈಪ್ ಮಾಡಿ, ಚೇಲೆಯ ಫೋಟೊವನ್ನು ಅದರ ಮೇಲಿನ ಲೇಯರಿಗೆ ತಂದು ಕ್ಲಿಪ್ಪಿಂಗ್ ಮಾಸ್ಕ್ ಕೊಟ್ಟರೆ ಅಕ್ಷರದಾಚೆಯ ಬಟ್ಟೆಯೆಲ್ಲ ಮಾಯ. ನಿಜವಾದ ಕೈಚಳಕ ಆಮೇಲಿನದು. ಫೋಟೊವನ್ನು ಸರಿಸಿ, ಕುಗ್ಗಿಸಿ, ಜರಿಯ ಹೂವೊಂದನ್ನು ‘ಪು’ವಿನ ತಿರುವಿನಲ್ಲಿ ಇಡಿಯಾಗಿ ಕೂರಿಸಬೇಕು. ಹೂವು ದೊಡ್ಡದಾದರೆ ಕೆಳಗಿನ ತ ಒತ್ತು ಕಲಸಿಹೋಗುತ್ತದೆ. ಅಕ್ಷರದ ಅಂಚಿಗೊಂದು ತೆಳ್ಳನೆಯ ಹೊನ್ನಿನ ಗೆರೆ ಎಳೆದರೆ ಎದ್ದು ಕಾಣುತ್ತದೆ. ರೆಡಿಮೇಡ್ ಪ್ಯಾಟರ್ನ್ ತುಂಬುವುದೂ ಉಂಟು. ಆದರೆ ಮನೆಯ ಚೇಲೆಯನ್ನೇ ಬಿಸಿಲಿಗೆ ಹಾಸಿ ಫೋಟೊ ತೆಗೆದವರ ಕೆಲಸವೇ ಮೇಲು. ಅದರಲ್ಲಿ ನೇಯ್ಗೆಯ ಎಳೆ, ಮಡಿಕೆಯ ಗುರುತು ಎಲ್ಲವೂ ಅಕ್ಷರಕ್ಕೆ ಇಳಿದಿರುತ್ತವೆ.