‘ಬೊಂಬಾಟ್ ಭೋಜನ’: ಒಂದು ವಿಮರ್ಶೆ

ಕಾವ್ಯ ನಾಟಕಗಳ ಗುಣದೋಷಗಳನ್ನು ವಿಚಾರಿಸತಕ್ಕ ಈ ಪುಟಗಳಲ್ಲಿ ಅಡುಗೆಯ ಪ್ರಸ್ತಾಪವೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಆದರೆ ಪಾಕವಿಚಾರವು ಕನ್ನಡ ನಾಡಿನ ಸರಸ್ವತಿಗೆ ಹೊಸದಲ್ಲ. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಜ್ಯೋತಿಷ, ವೈದ್ಯ ಮುಂತಾದವುಗಳ ಸಾಲಿನಲ್ಲಿಯೇ ಸೂಪಶಾಸ್ತ್ರಕ್ಕೂ ಸ್ಥಳವಿತ್ತನು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವನ್ನು ವಿಸ್ತಾರವಾಗಿ ವರ್ಣಿಸಿದನು. ಗಜೇಂದ್ರಗಡಕ್ಕೆ ಸಮೀಪದ ಸೂಡಿಯ ಗುಡಿಗಳನ್ನೂ ನಾಗಕುಂಡವನ್ನೂ ಕಂಡವರಿಗೆ ಆ ರಾಜವಂಶದ ಅಭಿರುಚಿಯ ಪರಿಚಯ ಉಂಟಷ್ಟೆ. ಮುಂದೆ 16ನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿಯೇ ರಚಿಸಿದನು. ಇವರಾರೂ ಬಾಣಸಿಗರಲ್ಲ, ಒಬ್ಬನು ಕವಿ, ಒಬ್ಬನು ಚಕ್ರವರ್ತಿ, ಇನ್ನೊಬ್ಬನು ಕಲ್ಲಹಳ್ಳಿಯ ಪ್ರಭು. ಅಡುಗೆಯನ್ನು ಜೀವನೋಪಾಯವಾಗಿ ಹಿಡಿಯದೆ, ಅಕ್ಕರೆಯಿಂದ ಅರಿತು ಪರರಿಗೆ ಅರುಹಿದ ಹವ್ಯಾಸಿಗಳ ಪರಂಪರೆಯೊಂದು ನಮ್ಮಲ್ಲಿ ಬಹುಕಾಲದಿಂದ ಇದೆಯೆಂದಾಯಿತು.

ಈ ಪರಂಪರೆಯ ಇತ್ತೀಚಿನ ಕುಡಿಯೆಂದು ಸ್ಟಾರ್ ಸುವರ್ಣ ವಾಹಿನಿಯಲ್ಲಿ ಹಲವು ಆವೃತ್ತಿಗಳನ್ನು ಕಂಡ ‘ಬೊಂಬಾಟ್ ಭೋಜನ’ವನ್ನು ಎಣಿಸಬಹುದು. ಇದನ್ನು ನಡೆಸಿಕೊಟ್ಟ ಶ್ರೀ ಸಿಹಿಕಹಿ ಚಂದ್ರು ಅವರು ನಟರೆಂದೂ ‘ಪಾಪ ಪಾಂಡು’ವಿನಂತಹ ಹಾಸ್ಯ ಧಾರಾವಾಹಿಯ ನಿರ್ದೇಶಕರೆಂದೂ ಹೆಸರಾದವರು. 1980ರ ದಶಕದಲ್ಲಿ ಬೆಂಗಳೂರು ದೂರದರ್ಶನದಲ್ಲಿ ಬಂದ ‘ಸಿಹಿಕಹಿ’ ಧಾರಾವಾಹಿಯ ಹೆಸರೇ ಅವರಿಗೂ ಅವರ ಪತ್ನಿ ಗೀತಾ ಅವರಿಗೂ ಅಂಟಿಕೊಂಡು ನಿಂತಿತು. ರುಚಿಯ ಹೆಸರನ್ನೇ ಹೊತ್ತವರು ಕೊನೆಗೆ ಒಲೆಯ ಮುಂದೆ ಬಂದು ನಿಂತದ್ದು ಯೋಗ್ಯವೇ ಸರಿ.

ಮೊದಲು ಗುಣವನ್ನು ಹೇಳುವುದು ವಿಮರ್ಶಕನ ಧರ್ಮ. ದೊಡ್ಡ ಹೋಟೆಲುಗಳ ಪಾಕನಿಪುಣರು ಬಿಳಿಯ ಟೋಪಿಯನ್ನು ಧರಿಸಿ ಪರದೆಯ ಮೇಲೆ ಬಂದಾಗ ನೋಡುವವರಿಗೆ ಗೌರವವೇನೋ ಹುಟ್ಟುತ್ತದೆ. ‘ಇದು ನನ್ನಿಂದಾದೀತು’ ಎಂಬ ಧೈರ್ಯ ಹುಟ್ಟುವುದಿಲ್ಲ. ಚಂದ್ರು ಅವರ ಮಾತು ನೆರೆಮನೆಯ ಹಿರಿಯರ ಮಾತಿನಂತೆ ಸಲಿಗೆಯದು. ಅವರು ನಗಿಸುತ್ತಾರೆ, ತಾವು ಮಾಡಿದ್ದನ್ನು ತಾವೇ ಉಂಡು ಸಂತೋಷಪಡುತ್ತಾರೆ. ಎರಡನೆಯದಾಗಿ, ಗಂಡಸೊಬ್ಬನು ದಿನವೂ ಸಂಕೋಚವಿಲ್ಲದೆ ಒಗ್ಗರಣೆ ಹಾಕುವುದನ್ನು ಮನೆಮಂದಿಯೆಲ್ಲ ನೋಡುವಂತಾದುದು ಸಣ್ಣ ಲಾಭವಲ್ಲ. ತಾಟಿನ ಮುಂದೆ ಕುಳಿತ ಮೇಲೆಯೇ ಅಡುಗೆಯನ್ನು ನೆನೆಯುವ ಗಂಡಸರು ನಮ್ಮ ಸುಶಿಕ್ಷಿತ ಮನೆಗಳಲ್ಲಿಯೂ ಇದ್ದಾರೆ. ಅವರಿಗೆ ಸಾವಿರ ಉಪದೇಶಗಳಿಗಿಂತ ಈ ಒಂದು ದೃಶ್ಯವು ಹಿತಕರವಾದುದು.

ಇನ್ನು ದೋಷ. ಅದು ಒಬ್ಬ ನಿರೂಪಕರದಾಗಲಿ ಒಂದು ವಾಹಿನಿಯದಾಗಲಿ ಅಲ್ಲ, ಈ ಪ್ರಕಾರಕ್ಕೇ ಅಂಟಿಕೊಂಡದ್ದು. ಪರದೆಯ ಅಡುಗೆಮನೆಯಲ್ಲಿ ಕಾಯಿಪಲ್ಯವು ಹೆಚ್ಚಿಟ್ಟೇ ಇರುತ್ತದೆ. ಮಸಾಲೆಯು ಅಳೆದು ಬಟ್ಟಲುಗಳಲ್ಲಿ ಸಿದ್ಧವಾಗಿರುತ್ತದೆ. ಬೇಯುವ ಹೊತ್ತನ್ನು ಕತ್ತರಿಯು ನುಂಗಿಬಿಡುತ್ತದೆ. ಪದಾರ್ಥಗಳ ಪಟ್ಟಿಯೂ ಪ್ರಮಾಣವೂ ಉಳಿಯುತ್ತವೆ, ಕಾಲವೂ ಕೈಯೂ ಮಾಯವಾಗುತ್ತವೆ. ಕೈಯಲ್ಲಿಯೇ ಸಮಸ್ತವೂ ಅಡಗಿರುವ ಅಡುಗೆಯ ಗತಿಯೇನು?

ನಮ್ಮ ಜೋಳದ ರೊಟ್ಟಿಯನ್ನೇ ತೆಗೆದುಕೊಳ್ಳೋಣ. ರೋಣ, ನರಗುಂದಗಳ ಎರೆಭೂಮಿಯಲ್ಲಿ ಹಿಂಗಾರಿನ ಬಿಳಿಜೋಳವು ಬೆಳೆಯುತ್ತದೆ. ಗೋದಿಯ ಹಿಟ್ಟನ್ನು ಹಿಡಿದು ನಿಲ್ಲಿಸುವ ಅಂಟು ಜೋಳದಲ್ಲಿಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟಿನ ಪಿಷ್ಟವು ಸ್ವಲ್ಪ ಬೆಂದು ಜಿಗಿಯಾಗುತ್ತದೆ. ಆ ಜಿಗಿಯ ಆಧಾರದಿಂದಲೇ ರೊಟ್ಟಿ ನಿಲ್ಲಬೇಕು. ಎಸರು ಆರಿದರೆ ಅಂಚು ಸೀಳುತ್ತದೆ, ಹಿಟ್ಟು ಹಳತಾದರೂ ಸೀಳುತ್ತದೆ, ನಾದಿದ್ದು ಸಾಲದಿದ್ದರೂ ಸೀಳುತ್ತದೆ. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಬಟ್ಟೆಯಿಂದ ನೀರು ಸವರಿ, ಅದು ಪೂರ್ತಿ ಆರುವ ಮುಂಚೆ ಮಗುಚಬೇಕು. ಆ ಕ್ಷಣವನ್ನು ಗಡಿಯಾರವು ಹೇಳಲಾರದು, ಕಣ್ಣು ಹೇಳಬೇಕು. ‘ಜೋಳದ ಹಿಟ್ಟು ಎರಡು ಬಟ್ಟಲು, ಉಪ್ಪು ರುಚಿಗೆ ತಕ್ಕಷ್ಟು’ ಎಂದೊಡನೆ ಈ ವಿದ್ಯೆಯಲ್ಲಿ ಹೇಳಿದಂತಾದುದು ಏನೂ ಇಲ್ಲ. ಬಡಿಯುವ ಅಂಗೈಯ ಭಾರವನ್ನೂ ತಿರುಗಿಸುವ ಬೆರಳಿನ ಲಯವನ್ನೂ ಮಂಗರಸನ ಷಟ್ಪದಿಯು ತೋರಿಸಲಾರದಾಗಿತ್ತು, ಚಲಚ್ಚಿತ್ರವು ತೋರಿಸಬಲ್ಲದು. ಕವಿಗೆ ಅಲಭ್ಯವಾಗಿದ್ದ ಸಾಧನವನ್ನು ಪಡೆದೂ ಅದನ್ನೇ ಕತ್ತರಿಸಿಹಾಕುವುದು ಶೋಚನೀಯವಲ್ಲವೆ?

ಬೇರೊಂದು ದೇಶದ ಉದಾಹರಣೆಯು ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಅಮೆರಿಕೆಯ ಬಾಸ್ಟನ್ ನಗರದಿಂದ 1963ರಲ್ಲಿ ಆರಂಭವಾದ ‘ದಿ ಫ್ರೆಂಚ್ ಶೆಫ್’ ಎಂಬ ಕಾರ್ಯಕ್ರಮದಲ್ಲಿ ಜೂಲಿಯಾ ಚೈಲ್ಡ್ ಎಂಬಾಕೆಯು ಫ್ರೆಂಚರ ಅಡುಗೆಯನ್ನು ಕಲಿಸಿದಳು. ಮೂವತ್ತೈದು ದಾಟಿದ ಮೇಲೆ ಪ್ಯಾರಿಸಿನ ಪಾಕಶಾಲೆಯನ್ನು ಸೇರಿ ಕಲಿತವಳಾಕೆ. ಒಮ್ಮೆ ಬಾಣಲೆಯಲ್ಲಿ ಹಾರಿಸಿ ಮಗುಚಹೋದ ಆಲೂಗಡ್ಡೆಯು ಒಡೆದು ಒಲೆಯ ಮೇಲೆ ಚೆಲ್ಲಿತು. ಆಕೆಯು ನಾಚದೆ ಅದನ್ನು ಬಳಿದು ಬಾಣಲೆಗೆ ಸೇರಿಸಿದಳು. ಆ ಭಾಗವನ್ನು ತೆಗೆದುಹಾಕದೆ ಹಾಗೆಯೇ ಬಿತ್ತರಿಸಿದರು. ನೋಡಿದ ಗೃಹಿಣಿಯರಿಗೆ ಅದರಿಂದ ಒದಗಿದ ಅಭಯವು ನೂರು ಸರಿಯಾದ ಪಾಕಗಳಿಂದ ಒದಗುವಂತಹದಲ್ಲ. ಕೆಟ್ಟದ್ದನ್ನು ಸರಿಪಡಿಸುವ ಬಗೆಯನ್ನು ಬಲ್ಲವನೇ ಅಡುಗೆಯನ್ನು ಬಲ್ಲವನು. ಅದನ್ನು ಮರೆಮಾಡಿದರೆ ಪಾಠದ ಅರ್ಧ ಭಾಗವೇ ಹೋದಂತೆ.

ಇನ್ನೊಂದು ಮಾತು. ಬೆಂಗಳೂರಿನಲ್ಲಿ ಸಿದ್ಧವಾಗುವ ಈ ಬಗೆಯ ಕಾರ್ಯಕ್ರಮಗಳಲ್ಲಿ ಅನ್ನ, ಸಾರು, ತೆಂಗಿನಕಾಯಿಗಳು ನಿತ್ಯದ ಅಡುಗೆಯಾಗಿಯೂ, ಎಣ್ಣೆಗಾಯಿ, ಝುಣಕ, ಪುಂಡಿಪಲ್ಯ, ಗುರೆಳ್ಳು ಚಟ್ನಿಗಳು ‘ಉತ್ತರ ಕರ್ನಾಟಕದ ವಿಶೇಷ’ವಾಗಿಯೂ ಬರುತ್ತವೆ. ಒಬ್ಬರ ನಿತ್ಯಾನ್ನವು ಇನ್ನೊಬ್ಬರಿಗೆ ವಿಶೇಷವಾಗುವುದರಲ್ಲಿ ತಪ್ಪಿಲ್ಲ. ಆದರೆ ನಮ್ಮ ಮಕ್ಕಳೂ ಅದನ್ನು ವಿಶೇಷವೆಂದೇ ಎಣಿಸತೊಡಗಿದರೆ ಕಳವಳಪಡಬೇಕು. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೊತ್ತೊಯ್ದು ಚರಗ ಚೆಲ್ಲುವ ಸಜ್ಜಿರೊಟ್ಟಿಯು ಬರಿಯ ತಿನಿಸಲ್ಲ. ಭೂಮಿತಾಯಿಗೆ ಸಲ್ಲಿಸುವ ಎಡೆ. ತಿಥಿಯಿಂದಲೂ ಹೊಲದಿಂದಲೂ ಬೇರ್ಪಡಿಸಿ ಪರದೆಯ ಮೇಲಿಟ್ಟಾಗ ಅದರ ರುಚಿ ಉಳಿದೀತು, ಅರ್ಥ ಉಳಿಯದು.

ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ನೆಲೆಸಿದ ನಮ್ಮ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಅವ್ವನ ಪಕ್ಕದಲ್ಲಿ ಕುಳಿತು ಕಲಿಯುವ ಅವಕಾಶವನ್ನು ಕಳೆದುಕೊಂಡಿದ್ದಾರೆ. ಅವರಿಗೆ ಪರದೆಯೇ ಅವ್ವ, ಪರದೆಯೇ ಅತ್ತೆ. ಕಡಕ್ ರೊಟ್ಟಿಯೇನೋ ಅಂಗಡಿಯಲ್ಲಿ ಕಟ್ಟುಕಟ್ಟಾಗಿ ದೊರೆಯುತ್ತದೆ. ಬಡಿಯುವ ಕೈ ದೊರೆಯುವುದಿಲ್ಲ. ಆದುದರಿಂದ ಇಂತಹ ಕಾರ್ಯಕ್ರಮಗಳನ್ನು ನಡೆಸುವವರಲ್ಲಿ ನಮ್ಮ ಬಿನ್ನಹವಿಷ್ಟೇ: ನರಗುಂದದ ಒಂದು ಮನೆಗೆ ಬೆಳಗಿನ ಜಾವದಲ್ಲಿ ಬಂದು, ಮುದುಕಿಯೊಬ್ಬಳ ಪಕ್ಕದಲ್ಲಿ ಕುಳಿತು ರೊಟ್ಟಿ ಬಡಿಯಿರಿ. ಮೊದಲನೆಯದು ಹರಿಯಲಿ, ಎರಡನೆಯದೂ ಹರಿಯಲಿ. ಆಕೆಯು ನಿಮ್ಮ ಕೈಯನ್ನು ತಿದ್ದುವುದನ್ನು ಕತ್ತರಿ ಆಡಿಸದೆ ಪೂರ್ತಿಯಾಗಿ ತೋರಿಸಿರಿ. ಹವ್ಯಾಸಿಯಾದವನು ಕಲಿಯುತ್ತಿರುವಂತೆ ಕಾಣಿಸಿಕೊಳ್ಳಲು ಅಂಜಬೇಕಾದುದಿಲ್ಲ. ಆ ಸ್ವಾತಂತ್ರ್ಯವು ಬಾಣಸಿಗನಿಗಿಂತ ಅವನಿಗೇ ಹೆಚ್ಚು. ಅವರು ಬರುವ ತನಕ ಕಾಯದೆ, ಕೈಯಲ್ಲಿ ಮೊಬೈಲು ಹಿಡಿದಿರುವ ನಮ್ಮ ತಾಲೂಕುಗಳ ತರುಣರು ತಮ್ಮ ತಮ್ಮ ಮನೆಯ ಹಿರಿಯರ ಕೈಗೆಲಸವನ್ನು ಚಿತ್ರಿಸಿಡುವುದು ಇನ್ನೂ ಒಳ್ಳೆಯದು.