ದೊಡ್ಡ ಟೈರು, ಹಳೆಯ ಕ್ರೌನ್ ಪಿನಿಯನ್

ಜೀಪಿಗೆ ದೊಡ್ಡ ಟೈರು ಹಾಕಿದ ದಿನವೇ ಅದರ ಎಳೆತ ಕುಗ್ಗುತ್ತದೆ. ಇಂಜಿನ್ನಿನ ಬಲ ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು ದಾಟಿ ಕೊನೆಗೆ ಹೌಸಿಂಗ್ ಒಳಗಿನ ಕ್ರೌನ್ ಪಿನಿಯನ್ನಿಗೆ ಬರುತ್ತದೆ. ಅಲ್ಲಿಂದ ಆಕ್ಸಲ್ ಹಿಡಿದು ಗಾಲಿಗೆ. ಗಾಲಿ ಎತ್ತರವಾದಷ್ಟೂ ಆಕ್ಸಲ್ಲಿಗೂ ನೆಲಕ್ಕೂ ನಡುವಿನ ಅಂತರ ಹೆಚ್ಚುತ್ತದೆ, ಅದೇ ಬಲ ನೆಲದ ಮೇಲೆ ಕಡಿಮೆಯಾಗಿ ಬೀಳುತ್ತದೆ. ಹಿಂದಿನ ಹಲ್ಲುಗಾಲಿ ಚಿಕ್ಕದಾದ ಸೈಕಲ್ಲನ್ನು ಏರಿನಲ್ಲಿ ತುಳಿಯುವವನ ತೊಡೆಗೆ ಆಗುವ ಕಷ್ಟವೇ ಇಲ್ಲಿ ಇಂಜಿನ್ನಿಗೆ ಆಗುತ್ತದೆ. ಈ ನಷ್ಟವನ್ನು ತುಂಬಿಕೊಡಲು ಕ್ರೌನ್ ಪಿನಿಯನ್ನಿನ ಅನುಪಾತ ಬದಲಿಸುವುದು ಹಳೆಯ ಪದ್ಧತಿ. ಅದನ್ನು ಎಲ್ಲಿ ಮಾಡಬೇಕು, ಎಷ್ಟು ಮಾಡಬೇಕು, ಎಲ್ಲಿ ಮಾಡಲೇಬಾರದು ಎಂಬುದನ್ನು ಮಾತ್ರ ಬಹುಪಾಲು ಜನ ಲೆಕ್ಕ ಹಾಕದೆ, ಯಾರೋ ಹೇಳಿದ ನಂಬರನ್ನು ನಂಬಿ ತೀರ್ಮಾನಿಸುತ್ತಾರೆ. ಪದ್ಧತಿಯ ದೊಡ್ಡ ದೋಷ ಅದೇ.

ಶಿರಾ ತಾಲ್ಲೂಕಿನ ಮದಲೂರಿನ ಸುತ್ತಿನ ಸೀಮೆ ಈ ಆಯ್ಕೆಯನ್ನು ಒರೆಗೆ ಹಚ್ಚಲು ತಕ್ಕ ಜಾಗ. ತಾಲ್ಲೂಕಿನ ನಡುವೆ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಅದರ ಮೇಲೆ ಗಾಡಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಂಟೆಗಟ್ಟಲೆ ಓಡಬೇಕು. ಹೆದ್ದಾರಿ ಬಿಟ್ಟರೆ ಕಡಲೆಕಾಯಿ ಹೊಲಗಳ ನಡುವಿನ ಬಂಡಿ ಜಾಡು, ಪಾವಗಡದ ಕಡೆ ಕಲ್ಲು ತೇಲಿದ ಕೆಂಪು ನೆಲ, ಮಧುಗಿರಿ, ಕೊರಟಗೆರೆಗಳ ಬಂಡೆಗುಡ್ಡ, ಜಯಮಂಗಲಿ, ಸುವರ್ಣಮುಖಿಗಳ ಒಣ ಮರಳು. ಮಳೆ ಬಿದ್ದ ಮೇಲೆ ಕೆರೆ ಅಂಗಳದ ಗೋಡು ಗಾಲಿಗೆ ಅಂಟಿಕೊಂಡು ಬಿಡುವುದೇ ಇಲ್ಲ. ಆದರೂ ವರ್ಷದ ಹೆಚ್ಚು ದಿನ ಒಣ ನೆಲವೇ. ಕೆಸರಿನ ನಾಲ್ಕು ದಿನಕ್ಕೆಂದು ಮಾಡಿಸಿದ ಅನುಪಾತದಲ್ಲಿ ಉಳಿದ ದಿನಗಳನ್ನೂ ಓಡಿಸಬೇಕಾಗುತ್ತದೆ ಎಂಬುದನ್ನು ಇಲ್ಲಿನ ಗಾಡಿಯವರು ಮೊದಲೇ ಯೋಚಿಸುವುದು ಒಳ್ಳೆಯದು.

ಅನುಪಾತ ಎಂದರೆ ಕ್ರೌನಿನ ಹಲ್ಲುಗಳನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದಾಗ ಬರುವ ಸಂಖ್ಯೆ. 41 ಹಲ್ಲಿನ ಕ್ರೌನಿಗೆ 11 ಹಲ್ಲಿನ ಪಿನಿಯನ್ ಇದ್ದರೆ 3.73, 37ಕ್ಕೆ 9 ಇದ್ದರೆ 4.11, 39ಕ್ಕೆ 8 ಇದ್ದರೆ 4.88, 43ಕ್ಕೆ 8 ಇದ್ದರೆ 5.38. ಸಂಖ್ಯೆ ಏರಿದಂತೆ ಎಳೆತ ಹೆಚ್ಚು, ಅದೇ ಇಂಜಿನ್ ಸುತ್ತಿಗೆ ಓಟ ಕಡಿಮೆ. ಯುದ್ಧಕಾಲದ ವಿಲ್ಲೀಸ್ ಜೀಪಿಗೆ 4.88 ಇತ್ತು. ಮಹೀಂದ್ರಾ ಜೀಪುಗಳಿಗೆ ಮೂಲವಾದ ವಿಲ್ಲೀಸ್ ಸಿಜೆ-3ಬಿಗೆ 5.38. ಸುಜುಕಿ ಎಸ್‌ಜೆ410ಕ್ಕೆ 4.11, ಅದರ ನಂತರದ 1.3 ಲೀಟರ್ ಸಮುರಾಯ್‌ಗೆ 3.73. ನಮ್ಮ ಮಾರುತಿ ಜಿಪ್ಸಿ 1985ರಲ್ಲಿ ಬಂದದ್ದು ಇದೇ ಸುಜುಕಿ ಮನೆತನದಿಂದ.

ಹಳೆಯ ಗಾಡಿಯ ಹೌಸಿಂಗ್ ಎಷ್ಟು ಕೈ ದಾಟಿ ಬಂದಿದೆಯೋ ಹೇಳಲಾಗದು, ಆದ್ದರಿಂದ ಪುಸ್ತಕದ ಸಂಖ್ಯೆಯನ್ನು ನಂಬದೆ ಗಾಡಿಯನ್ನೇ ಕೇಳಬೇಕು. ಅದಕ್ಕೆ ಬೇಕಾದದ್ದು ಒಂದು ಜಾಕು, ಒಂದು ಸೀಮೆಸುಣ್ಣದ ತುಂಡು. ಗೇರ್ ನ್ಯೂಟ್ರಲ್ಲಿಗೆ ಹಾಕಿ, ನೆಲದ ಮೇಲಿರುವ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಗಾಲಿಯನ್ನು ಮಾತ್ರ ಎತ್ತಬೇಕು. ಟೈರಿನ ಮೇಲೂ ಪ್ರೊಪೆಲ್ಲರ್ ಶಾಫ್ಟಿನ ಮೇಲೂ ಗೆರೆ ಎಳೆದು ಗಾಲಿಯನ್ನು ಕೈಯಿಂದ ಇಪ್ಪತ್ತು ಸುತ್ತು ತಿರುಗಿಸಿದರೆ, ಡಿಫರೆನ್ಷಿಯಲ್ಲಿನ ಗುಣದಿಂದ ಕ್ರೌನ್ ಹತ್ತೇ ಸುತ್ತು ತಿರುಗುತ್ತದೆ. ಅಷ್ಟರಲ್ಲಿ ಶಾಫ್ಟು ಮೂವತ್ತೇಳು ಸುತ್ತು ದಾಟಿ ಸ್ವಲ್ಪ ಮುಂದೆ ನಿಂತರೆ 3.73, ನಲವತ್ತೊಂದು ದಾಟಿದರೆ 4.11. ಟೈರಿನ ಅಳತೆಗೂ ಇದೇ ಮಾತು. ಪಕ್ಕದಲ್ಲಿ ಅಚ್ಚಾದ ಸಂಖ್ಯೆಗಿಂತ, ಗಾಡಿಯ ಭಾರ ಬಿದ್ದ ಟೈರನ್ನು ಒಂದು ಪೂರ್ತಿ ಸುತ್ತು ಉರುಳಿಸಿ ನೆಲದ ಮೇಲೆ ಟೇಪು ಹಿಡಿದು ಅಳೆದದ್ದೇ ನಿಜವಾದ ಅಳತೆ.

ಲೆಕ್ಕ ಸುಲಭ. ಹೊಸ ಟೈರಿನ ಎತ್ತರವನ್ನು ಹಳೆಯ ಟೈರಿನ ಎತ್ತರದಿಂದ ಭಾಗಿಸಿ, ಬಂದದ್ದನ್ನು ಹಳೆಯ ಅನುಪಾತಕ್ಕೆ ಗುಣಿಸಿದರೆ ಗಾಡಿ ಮೊದಲಿನಂತೆ ಎಳೆಯಲು ಬೇಕಾದ ಅನುಪಾತ ಸಿಗುತ್ತದೆ. ಜಿಪ್ಸಿಯ 205/70 ಆರ್15 ಟೈರಿನ ಎತ್ತರ 668 ಮಿ.ಮೀ. ಆಫ್‌ರೋಡಿಗೆ ಹೋಗುವವರು ಇಷ್ಟಪಡುವ 235/75 ಆರ್15 ಟೈರಿನದು 733 ಮಿ.ಮೀ. ವ್ಯತ್ಯಾಸ ಸುಮಾರು ಶೇ. 10. ಹೌಸಿಂಗಿನಲ್ಲಿ 3.73 ಇದ್ದರೆ ಈಗ ಬೇಕಾದದ್ದು 4.10. ಅದೇ ಮನೆತನದ 4.11 ಹೆಚ್ಚುಕಮ್ಮಿ ಕೂದಲೆಳೆಯಷ್ಟು ಅಂತರದಲ್ಲಿ ಹೊಂದುತ್ತದೆ. ಬದಲಿಸದೆ ಬಿಟ್ಟರೆ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ನಿಜಕ್ಕೂ 66ರಲ್ಲಿ ಓಡುತ್ತಿರುತ್ತದೆ. ಟಾಪ್ ಗೇರು ಹೆಸರಿಗಷ್ಟೇ ಉಳಿಯುತ್ತದೆ. ಮರಳಿನಲ್ಲಿ ಹೊರಡಬೇಕಾದರೆ ಹಾಫ್ ಕ್ಲಚ್ಚಿನಲ್ಲೇ ಎಳೆಸಬೇಕಾಗಿ ಕ್ಲಚ್ ಪ್ಲೇಟ್ ಸುಡುತ್ತದೆ. ಇಂಥ ಗಾಡಿಗೆ ಅನುಪಾತ ಬದಲಿಸುವುದು ಖಂಡಿತ ಸರಿ. ಕೇಬಲ್ ಸ್ಪೀಡೋಮೀಟರ್ ಟ್ರಾನ್ಸ್‌ಫರ್ ಕೇಸಿನಿಂದ ಸುತ್ತುವುದರಿಂದ, ಅನುಪಾತ ಸರಿಹೋದ ಕೂಡಲೇ ಅದರ ಲೆಕ್ಕವೂ ತಾನಾಗಿ ಸರಿಹೋಗುತ್ತದೆ.

ಹಳೆಯ ಡೀಸೆಲ್ ಜೀಪಿನ ಕತೆ ಇದಕ್ಕೆ ತೀರಾ ವಿರುದ್ಧ, ತಪ್ಪು ಹೆಚ್ಚಾಗಿ ನಡೆಯುವುದೂ ಅಲ್ಲೇ. 6.00-16 ಟೈರಿನ ಎತ್ತರ ಸುಮಾರು 724 ಮಿ.ಮೀ. 5.38 ಇರುವ ಜೀಪು ಈ ಟೈರಿನ ಮೇಲೆ ಟಾಪ್ ಗೇರಿನಲ್ಲಿ 80 ಕಿ.ಮೀ. ವೇಗಕ್ಕೆ ಬಂದಾಗ ಇಂಜಿನ್ ನಿಮಿಷಕ್ಕೆ 3150 ಸುತ್ತು ತಿರುಗುತ್ತಿರುತ್ತದೆ. ಆ ಕಾಲದ ಡೀಸೆಲ್ಲಿಗೆ ಅದು ಹೆಚ್ಚುಕಡಿಮೆ ಉಸಿರು ಕಟ್ಟುವ ಹಂತ. ಇದೇ ಜೀಪಿಗೆ 31 ಇಂಚಿನ, ಅಂದರೆ 787 ಮಿ.ಮೀ. ಟೈರು ಹಾಕಿದರೆ ಸುತ್ತು 2900ಕ್ಕೆ ಇಳಿಯುತ್ತದೆ. ಹಳೆಯ ಟೈರಿನ ಮೇಲೆ 4.95 ಅನುಪಾತ ಇದ್ದಂತೆ ಗಾಡಿ ನಡೆದುಕೊಳ್ಳುತ್ತದೆ, ವಿಲ್ಲೀಸ್‌ನ 4.88ಕ್ಕಿಂತ ಅದು ಇನ್ನೂ ಎಳೆತದ ಕಡೆಗೇ ಇದೆ. ಇಲ್ಲಿ ಕ್ರೌನ್ ಪಿನಿಯನ್ ಮುಟ್ಟುವ ಅಗತ್ಯವೇ ಇಲ್ಲ. ಇರುವ 5.38 ತೆಗೆದು ಮತ್ತೇನನ್ನೋ ಹಾಕಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೊರಟವರು ಸೀಮೆಸುಣ್ಣದ ಲೆಕ್ಕ ಮಾಡಿದ್ದರೆ ಮನೆಯಲ್ಲೇ ಉಳಿಯುತ್ತಿದ್ದರು.

ಇನ್ನೊಂದು ಅತಿ, ಸಿಗುವುದರಲ್ಲೇ ದೊಡ್ಡ ನಂಬರನ್ನು ಹಾಕಿಸುವುದು. ದೊಡ್ಡ ಟೈರಿಗೆ ಎತ್ತರದ ಜೊತೆಗೆ ತೂಕವೂ ಇರುತ್ತದೆ. ಆ ತೂಕಕ್ಕೆಂದು ಲೆಕ್ಕಕ್ಕಿಂತ ತುಸು ಮೇಲಿನ ಅನುಪಾತ ಆರಿಸುವುದು ನ್ಯಾಯವೇ. ಅದರಾಚೆಗೆ ಹೋದರೆ ಎರಡು ನಷ್ಟ. ಹೆದ್ದಾರಿಯಲ್ಲಿ ಇಂಜಿನ್ ಅರಚುತ್ತದೆ, ಡೀಸೆಲ್ ಕುಡಿಯುತ್ತದೆ. ಜೊತೆಗೆ ಅನುಪಾತ ಏರಿದಂತೆ ಪಿನಿಯನ್ ಚಿಕ್ಕದಾಗುತ್ತದೆ, ಅದರ ಕೆಲವೇ ಹಲ್ಲುಗಳು ದೊಡ್ಡ ಟೈರಿನ ಹೊರೆಯನ್ನೆಲ್ಲ ಹೊರಬೇಕು. ಬಂಡೆಯ ಮೇಲೆ ನಿಧಾನವಾಗಿ ಹತ್ತುವ ಶಕ್ತಿ ಬೇಕಿದ್ದರೆ ಅದನ್ನು ಹುಡುಕಬೇಕಾದ್ದು ಟ್ರಾನ್ಸ್‌ಫರ್ ಕೇಸಿನ ಲೋ ಗೇರಿನಲ್ಲಿ. ಕಾರ್ಖಾನೆಯಿಂದಲೇ ಬಂಡೆ ಹತ್ತಲು ತಯಾರಾಗಿ ಬರುವ ಜೀಪ್ ರ‍್ಯಾಂಗ್ಲರ್ ರೂಬಿಕಾನಿನ ಆಕ್ಸಲ್ ಅನುಪಾತ 4.10 ಅಷ್ಟೇ, ಟ್ರಾನ್ಸ್‌ಫರ್ ಕೇಸಿನದು ಮಾತ್ರ 4. ಸಮುರಾಯ್‌ನ ಟ್ರಾನ್ಸ್‌ಫರ್ ಕೇಸಿನ ಲೋ 2.268, ಅದನ್ನು 4.16ಕ್ಕೆ ಏರಿಸುವ ಗೇರ್ ಸೆಟ್ಟುಗಳು ಹೊರದೇಶಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಮಧುಗಿರಿ ಕಡೆಯ ಬಂಡೆಗೂ ಶಿರಾ ಹೆದ್ದಾರಿಗೂ ಒಂದೇ ಗಾಡಿ ಸಾಕೆನ್ನುವವರಿಗೆ ಈ ದಾರಿಯೇ ಮೇಲು: ಬೇಕಾದಾಗ ಲೋ ಹಾಕಿಕೊಳ್ಳಬಹುದು, ಬೇಡವಾದಾಗ ತೆಗೆಯಬಹುದು. ಕ್ರೌನ್ ಪಿನಿಯನ್ನಿಗೆ ಆ ಸ್ವಾತಂತ್ರ್ಯವಿಲ್ಲ.

ಹಿಂದಿನ ಆಕ್ಸಲ್ ಮಾತ್ರ ಬದಲಿಸಿ ಖರ್ಚು ಉಳಿಸುವ ಪದ್ಧತಿಯನ್ನು ಯಾವ ಕಾರಣಕ್ಕೂ ಒಪ್ಪುವಂತಿಲ್ಲ. ಫೋರ್‌ವೀಲ್ ಹಾಕಿದಾಗ ಎರಡೂ ಶಾಫ್ಟುಗಳು ಒಂದಕ್ಕೊಂದು ಕಟ್ಟಿದಂತೆ ತಿರುಗುತ್ತವೆ. ಮುಂದೆ 3.73, ಹಿಂದೆ 4.11 ಇದ್ದರೆ ಮುಂದಿನ ಗಾಲಿಗಳು ಶೇ. 10ರಷ್ಟು ಹೆಚ್ಚು ದೂರ ಓಡಲು ಹೊರಡುತ್ತವೆ. ಕೆಸರಿನಲ್ಲಾದರೆ ಜಾರಿ ತಪ್ಪಿಸಿಕೊಳ್ಳಬಹುದು. ಗಟ್ಟಿ ನೆಲದಲ್ಲಿ ಶಾಫ್ಟು ಬಿಗಿದು, ದುರ್ಬಲವಾದ ಯಾವುದೋ ಒಂದು ಭಾಗ ಮುರಿಯುತ್ತದೆ. ಫೋರ್‌ವೀಲ್ ಟ್ರ್ಯಾಕ್ಟರಿಗೆ ಮುಂದಿನ ಟೈರು ಬೇರೆ ಅಳತೆಯದು ಹಾಕಬಾರದೆಂದು ಕಲಿತ ರೈತರಿಗೆ ಇದು ಹೊಸ ಪಾಠವಲ್ಲ.

ಬ್ರೇಕಿನ ವಿಷಯವನ್ನು ಈ ಚರ್ಚೆಯಲ್ಲಿ ಬಹಳ ಜನ ಮರೆಯುತ್ತಾರೆ. ಗಾಲಿ ಶೇ. 10 ಎತ್ತರವಾದರೆ ಅದೇ ಪೆಡಲಿಗೆ ನೆಲದ ಮೇಲಿನ ಹಿಡಿತ ಸುಮಾರು ಅಷ್ಟೇ ಕುಗ್ಗುತ್ತದೆ, ಯಾವ ಕ್ರೌನ್ ಪಿನಿಯನ್ನೂ ಅದನ್ನು ತುಂಬಿಕೊಡದು. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸಜೆ ಅಥವಾ ಎರಡನ್ನೂ ಸೇರಿಸಿತು. ಟೈರು ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆ ಹೀಗೆ ಅನುಪಾತದ ಪ್ರಶ್ನೆಗಿಂತ ಮೊದಲು ಬರುತ್ತದೆ. ಈ ಸೀಮೆಯ ಮರಳಿನಲ್ಲಿ, ಇರುವ ಟೈರಿನ ಗಾಳಿ ಇಳಿಸಿ ಓಡಿಸಿದರೇ ಎಷ್ಟೋ ಕೆಲಸ ಆಗುತ್ತದೆ.

ಇಷ್ಟೆಲ್ಲ ಕಳೆದು ಬದಲಿಸಲೇಬೇಕೆಂದಾದರೆ ಕೆಲಸದ ಗುಣವೇ ಉಳಿದದ್ದನ್ನು ನಿರ್ಧರಿಸುತ್ತದೆ. ಕ್ರೌನ್, ಪಿನಿಯನ್ ಎರಡನ್ನೂ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ. ಪಿನಿಯನ್ನಿನ ತಲೆಯ ಮೇಲೂ ಕ್ರೌನಿನ ಅಂಚಿನಲ್ಲೂ ಒಂದೇ ಜೋಡಿ ಸಂಖ್ಯೆ ಕೊರೆದಿರುತ್ತದೆ. ಗುಜರಿಯಲ್ಲಿ ಕೊಳ್ಳುವಾಗ ಎಣ್ಣೆಜಿಡ್ಡು ಒರೆಸಿ ಈ ಎರಡನ್ನೂ ಓದಬೇಕು. ಬೇರೆ ಬೇರೆ ಇದ್ದರೆ ಹಲ್ಲು ಎಷ್ಟೇ ಹೊಳೆಯುತ್ತಿದ್ದರೂ ಬಿಟ್ಟುಬರಬೇಕು. ಜೋಡಿಸುವಾಗ ಹಲ್ಲಿಗೆ ಬಣ್ಣ ಬಳಿದು ತಿರುಗಿಸಿದರೆ ಅಚ್ಚು ಹಲ್ಲಿನ ನಡುವೆ ಬೀಳಬೇಕು; ತುದಿಗೋ ಬುಡಕ್ಕೋ ಬಿದ್ದರೆ ಶಿಮ್ ಬದಲಿಸಿ ಮತ್ತೆ ನೋಡಬೇಕು. ಡಯಲ್ ಗೇಜಿಲ್ಲದೆ ಕೈಯಲ್ಲಾಡಿಸಿ ಆಟ ಸರಿಯಿದೆ ಎನ್ನುವ ಮೆಕ್ಯಾನಿಕ್ಕಿಗೆ ಈ ಕೆಲಸ ಕೊಡಬಾರದು. ಹೊಸ ಜೋಡಿಗೆ ಮೊದಲ ಕೆಲವು ದಿನ ಭಾರ ಹೇರದೆ, ನಡುನಡುವೆ ನಿಲ್ಲಿಸಿ ಹೌಸಿಂಗ್ ತಣಿಸಿ ಓಡಿಸಬೇಕು. ಸುಮಾರು 800 ಕಿ.ಮೀ. ಆದ ಮೇಲೆ 90 ನಂಬರ್ ಆಯಿಲ್ ಇಳಿಸಿ ಹೊಸದು ತುಂಬಬೇಕು. ಇಳಿದ ಆಯಿಲಿನಲ್ಲಿ ಬೂದುಬಣ್ಣದ ನುಣ್ಣನೆಯ ಹುಡಿ ಕಂಡರೆ ಅದು ಹಲ್ಲು ಹದಗೊಂಡ ಗುರುತು. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಗಾಡಿ ಹೊರಗೆ ತೆಗೆಯದೆ ಹೌಸಿಂಗನ್ನು ಮತ್ತೆ ಬಿಚ್ಚಬೇಕು.